ಹಾಲು-ತುಪ್ಪವಿಲ್ಲದ ಹೋಟೆಲಿಗೆ ಅವ್ವನನ್ನು ಕರೆದೊಯ್ಯಬಹುದೇ?

ಮಲಪ್ರಭಾ, ಮುಲುಂಡ್:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅವ್ವನಿಗೆ 75 ವರ್ಷ ತುಂಬುತ್ತದೆ. ಅವರು ಧಾರವಾಡದಿಂದ ಬಂದು ಕೆಲವು ವಾರ ನಮ್ಮ ಮನೆಯಲ್ಲಿ ಇರಲಿದ್ದಾರೆ. ಆ ದಿನ ಅಡುಗೆಮನೆಯ ಕೆಲಸ ಯಾರಿಗೂ ಬೇಡ, ಎಲ್ಲರೂ ಹೊರಗೆ ಒಟ್ಟಿಗೆ ಕುಳಿತು ಊಟ ಮಾಡೋಣ ಎಂದು ನಿಶ್ಚಯಿಸಿದ್ದೇವೆ. ಎಲ್ಲಿ ಎಂಬುದೇ ತೀರ್ಮಾನವಾಗದೆ ಉಳಿದಿದೆ.

ಅವ್ವ ಮೊಟ್ಟೆ-ಮಾಂಸ ಬೇಯುವ ಅಡುಗೆಮನೆಯ ನೀರನ್ನೂ ಮುಟ್ಟುವವರಲ್ಲ. ನನ್ನ ಮಗಳು ಒಂದೂವರೆ ವರ್ಷದಿಂದ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನು ಪೂರ್ತಿಯಾಗಿ ಬಿಟ್ಟಿದ್ದಾಳೆ. ಠಾಣೆಯಲ್ಲಿರುವ ತಮ್ಮನ ಮಗನಿಗೆ, 9 ವರ್ಷದ ಹುಡುಗನಿಗೆ, ಗೋಡಂಬಿ ಆಗುವುದಿಲ್ಲ; ಒಮ್ಮೆ ಒಂದು ತುಂಡು ಬರ್ಫಿ ತಿಂದು ತುಟಿ, ಕಣ್ಣು ಊದಿಕೊಂಡು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕಳೆದಿದ್ದೇವೆ.

ಕಳೆದ ದೀಪಾವಳಿಯಲ್ಲಿ ಇಲ್ಲೇ ಮುಂಬಯಿ ಉಪನಗರದ ಒಂದು 'ಪ್ಯೂರ್ ವೆಜ್' ಹೋಟೆಲಿಗೆ ಹೋಗಿದ್ದೆವು. ಮಗಳು ವೀಗನ್, ಅಂದರೆ ಹಾಲು-ಜೇನು ಸೇರಿ ಪ್ರಾಣಿಮೂಲದ ಯಾವುದನ್ನೂ ತಿನ್ನದವಳು ಎಂದು ಮೊದಲೇ ತಿಳಿಸಿದಾಗ, ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು, ಆದ್ದರಿಂದ ಎಲ್ಲವೂ ವೀಗನ್ನೇ ಎಂದು ಕ್ಯಾಪ್ಟನ್ ಭರವಸೆ ಕೊಟ್ಟರು. ದಾಲ್ ಮೇಜಿಗೆ ಬಂದಾಗಲೇ ತುಪ್ಪದ ಘಮ ಬಂತು. ಅವಳು ಯಾರಿಗೂ ಒಂದು ಮಾತನ್ನೂ ಆಡದೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬರೀ ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ಉಂಡಳು. ಮನೆಯ ಪ್ರತಿಯೊಂದು ಸಮಾರಂಭದಲ್ಲಿಯೂ ಅವಳದು ಬೇರೆಯೇ ಒಂದು ಚಿಕ್ಕ ತಟ್ಟೆಯಾಗಿರುತ್ತದೆ, ಮತ್ತು ಅದರಲ್ಲಿರುವುದನ್ನು ಅವಳೇ ಕೇಳಿ ಕೇಳಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಈ ಒಂದು ದಿನವಾದರೂ ಅವಳು ಏನನ್ನೂ ವಿಚಾರಿಸದೆ ಮೆನುವಿನಲ್ಲಿರುವ ಯಾವುದನ್ನಾದರೂ ತಿನ್ನುವಂತಾಗಲಿ ಎಂಬುದು ನನ್ನ ಆಸೆ. ಅದಕ್ಕಾಗಿ ಬಾಂದ್ರಾ, ಜುಹೂ ಕಡೆಯ ಪೂರ್ಣ ಸಸ್ಯಜನ್ಯ ಆಹಾರದ ಹೋಟೆಲೊಂದಕ್ಕೆ ಹೋಗುವ ಯೋಚನೆಯಿದೆ.

ಅಲ್ಲಿ ಅವ್ವನಿಗೆ ಹಿಡಿಸುವ ಊಟ ಸಿಗುತ್ತದೆಯೇ? ಹಾಲಿನ ಬದಲಿಗೆ ಗೋಡಂಬಿ ಬಳಸುತ್ತಾರೆಂದು ಕೇಳಿದ್ದೇನೆ, ಹಾಗಾದರೆ ಹುಡುಗನ ಗತಿಯೇನು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹಳೆಯ ಹೋಟೆಲಿಗ, ಮಾಟುಂಗಾ:

ಮಲಪ್ರಭಾ ಅವರೇ, ನಾನು ಕುಂದಾಪುರದ ಕಡೆಯವನು. 31 ವರ್ಷ ಮುಂಬಯಿಯ ಹೋಟೆಲುಗಳಲ್ಲಿ, ಮೊದಲು ಅಡುಗೆಮನೆಯಲ್ಲಿ, ಆಮೇಲೆ ಗಲ್ಲೆಯ ಮೇಲೆ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ನಿಮ್ಮ ಮಗಳಿಗೆ ಆದ ನೋವು ನನ್ನ ಕಾಲದಲ್ಲಿ ನಮ್ಮ ಮೇಜುಗಳಲ್ಲಿಯೂ ಯಾರಿಗಾದರೂ ಆಗಿರಬಹುದು ಎಂದು ಓದುತ್ತಿರುವಾಗ ಅನ್ನಿಸಿತು. ಅದು ಏಕೆ ಆಗುತ್ತದೆ ಎಂಬುದನ್ನು ಅಡುಗೆಮನೆಯ ಒಳಗಿನಿಂದ ಹೇಳುತ್ತೇನೆ.

ಉತ್ತರ ಭಾರತದ ಪಲ್ಯ-ರೊಟ್ಟಿ ಕೊಡುವ ಹೋಟೆಲಿನಲ್ಲಿ ಪ್ರತಿಯೊಂದು ಪಲ್ಯವನ್ನೂ ಮೊದಲಿನಿಂದ ಮಾಡುವುದಿಲ್ಲ. ಬೆಳಿಗ್ಗೆಯೇ ಕೆಂಪು ಗ್ರೇವಿ, ಬಿಳಿ ಗ್ರೇವಿ ಎಂದು ದೊಡ್ಡ ಪಾತ್ರೆಗಳಲ್ಲಿ ಮಾಡಿಟ್ಟುಕೊಂಡು, ಆರ್ಡರು ಬಂದಾಗ ಅದರಿಂದ ಸೌಟಿನಲ್ಲಿ ತೆಗೆದು ತರಕಾರಿ ಸೇರಿಸಿ ಕುದಿಸಿ ಕಳುಹಿಸುತ್ತಾರೆ. ಬಿಳಿ ಗ್ರೇವಿಯಲ್ಲಿ ಗೋಡಂಬಿ, ಮಗಜ್ ಎನ್ನುವ ಕರಬೂಜದ ಬೀಜ, ಬೇಯಿಸಿದ ಈರುಳ್ಳಿ ಇರುತ್ತವೆ. ಎಷ್ಟೋ ಕಡೆ ಮಾವಾ, ಅಂದರೆ ಹಾಲಿನ ಖೋವಾ ಕೂಡ ಬೀಳುತ್ತದೆ. ಗ್ರಾಹಕರು ಕ್ರೀಮ್ ಬೇಡ ಎಂದು ಹೇಳಿದರೆ ಕೊನೆಯಲ್ಲಿ ಮೇಲೆ ಸುರಿಯುವ ಕ್ರೀಮು ಮಾತ್ರ ತಪ್ಪುತ್ತದೆ, ಗ್ರೇವಿಯೊಳಗೆ ಬೆಳಿಗ್ಗೆಯೇ ಸೇರಿದ್ದು ತಪ್ಪುವುದಿಲ್ಲ. ಸಪ್ಲಾಯರ್ ಸುಳ್ಳು ಹೇಳುತ್ತಿರುವುದಿಲ್ಲ. ಬೆಳಿಗ್ಗೆ ಪಾತ್ರೆಗೆ ಏನು ಬಿತ್ತೆಂಬುದು ಅವನಿಗೆ ತಿಳಿದೇ ಇರುವುದಿಲ್ಲ.

ನಮ್ಮ ಕಡೆಯ ತಿಂಡಿಗಳಲ್ಲಿ ಇಡ್ಲಿ, ಉದ್ದಿನ ವಡೆ, ಸಾಂಬಾರಿಗೆ ಹಾಲಿನ ಸಂಬಂಧವಿಲ್ಲ. ಸಾದಾ ದೋಸೆಯ ಹಿಟ್ಟಿನಲ್ಲಿಯೂ ಇಲ್ಲ, ಆದರೆ ಅದೇ ತವಾದ ಮೇಲೆ ಹಿಂದಿನ ದೋಸೆಗೆ ಬೆಣ್ಣೆ ಸವರಿರುತ್ತಾರೆ. ರವೆ ಇಡ್ಲಿಗೆ ಮೊಸರು, ರವೆ ದೋಸೆಯ ಹಿಟ್ಟಿಗೆ ಬಹಳ ಕಡೆ ಮಜ್ಜಿಗೆ, ಪೊಂಗಲ್ಲಿಗೆ ತುಪ್ಪವೂ ಗೋಡಂಬಿಯೂ, ನಾನ್ ಹಿಟ್ಟಿಗೆ ಮೊಸರು ಅಥವಾ ಹಾಲು ಬೀಳುತ್ತವೆ. ಚಟ್ನಿಗೆ ಮೊಸರು ಬೆರೆಸುವ ಹೋಟೆಲುಗಳೂ ಇವೆ.

ಇನ್ನೊಂದು ಮಾತು. ಮುಂಬಯಿಯಲ್ಲಿ 'ಜೈನ್' ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ್ದು ಎಂದು ಸಪ್ಲಾಯರಿನಿಂದ ಹಿಡಿದು ತಟ್ಟೆ ತೊಳೆಯುವ ಹುಡುಗನವರೆಗೆ ಎಲ್ಲರಿಗೂ ಗೊತ್ತು, ಏಕೆಂದರೆ ಆ ಮಾತನ್ನು ಅವರು ದಿನಕ್ಕೆ ನೂರು ಸಲ ಕೇಳುತ್ತಾರೆ. ವೀಗನ್ ಎಂಬ ಶಬ್ದಕ್ಕೆ ಆ ಬಳಕೆ ಇನ್ನೂ ಬಂದಿಲ್ಲ. ಆದ್ದರಿಂದ ಸಾಮಾನ್ಯ ಹೋಟೆಲಿನಲ್ಲಿ ಆ ಶಬ್ದವನ್ನು ಬಳಸದೆ ದೂಧ್ (ಹಾಲು), ದಹಿ (ಮೊಸರು), ತೂಪ್ (ತುಪ್ಪ), ಲೋಣಿ (ಬೆಣ್ಣೆ), ಪನೀರ್, ಮಲಾಯಿ (ಕೆನೆ), ಮಾವಾ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಹಾಗೆಯೇ, ಇದರಲ್ಲಿ ಹಾಲು ಇದೆಯೇ ಎಂದು ಕೇಳಿದರೆ ಗಡಿಬಿಡಿಯಲ್ಲಿ ಇಲ್ಲವೆಂದೇ ಉತ್ತರ ಬರುತ್ತದೆ. ಬಿಳಿ ಗ್ರೇವಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರೆ ಅಡುಗೆಯವರು ತಾವಾಗಿಯೇ ಎಲ್ಲವನ್ನೂ ಹೇಳುತ್ತಾರೆ. ಮಧ್ಯಾಹ್ನ 3ರಿಂದ 4.30ರ ನಡುವೆ ಫೋನ್ ಮಾಡಿ, ಮುಖ್ಯ ಅಡುಗೆಯವರಿಗೇ ಫೋನ್ ಕೊಡಿ ಎಂದು ಕೇಳಿಕೊಳ್ಳಿ. ಆಗ ಅವರಿಗೆ ಮಾತನಾಡಲು ಬಿಡುವಿರುತ್ತದೆ.

ನನ್ನ ಮನಸ್ಸಿಗೆ ಬರುವುದೇನೆಂದರೆ, ಮಾಟುಂಗಾ ಸ್ಟೇಷನ್ನಿನ ಹತ್ತಿರ 1942ರಿಂದ ನಡೆದು ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಜಾಗದಲ್ಲಿ ಬಾಳೆಲೆಯ ಊಟ ಮಾಡಿದರೆ ನಿಮ್ಮ ಅವ್ವನಿಗೆ ಯಾವ ಸಂಕೋಚವೂ ಇರಲಾರದು. ಮಗಳಿಗಾಗಿ ಒಂದೆರಡು ಪದಾರ್ಥಗಳನ್ನು ವಿಚಾರಿಸಿಕೊಂಡರಾಯಿತು.

ಕೋಥ್ರೂಡದ ಕನ್ನಡತಿ, ಪುಣೆ:

ನಾನು ಪುಣೆಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಹಿರಿಯರು ಗ್ರೇವಿಯ ಬಗ್ಗೆ ಬರೆದದ್ದನ್ನು ನನ್ನ ಬಳಿ ಬರುವ ತಾಯಂದಿರಿಗೆ ಓದಿ ಹೇಳಬೇಕೆಂದಿದ್ದೇನೆ. ಆದರೆ ಅವರ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಮಲಪ್ರಭಾ ಅವರು ಕೇಳಿರುವುದು ಮಗಳು ವಿಚಾರಿಸಿಕೊಳ್ಳಬೇಕಾಗಿಲ್ಲದ ಜಾಗವನ್ನು. ಒಂದೆರಡು ಪದಾರ್ಥ ವಿಚಾರಿಸಿಕೊಂಡರಾಯಿತು ಎಂಬ ಮಾತನ್ನೇ ಆ ಹುಡುಗಿ ಒಂದೂವರೆ ವರ್ಷದಿಂದ ಕೇಳುತ್ತಿದ್ದಾಳೆ.

ಹುಡುಗನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮೂವರ ಪೈಕಿ ಪ್ರಾಣಕ್ಕೆ ಸಂಬಂಧಿಸಿದ್ದು ಅದೊಂದೇ. ಬೇರೆ ಅಡುಗೆಮನೆಗಳಲ್ಲಿ ಹಾಲಿಗೆ ಯಾವ ಸ್ಥಾನವಿದೆಯೋ ವೀಗನ್ ಅಡುಗೆಮನೆಯಲ್ಲಿ ಗೋಡಂಬಿಗೆ ಹೆಚ್ಚು ಕಡಿಮೆ ಅದೇ ಸ್ಥಾನವಿದೆ. ನೆನೆಸಿ ರುಬ್ಬಿದ ಗೋಡಂಬಿಯೇ ಕ್ರೀಮು, ಅದನ್ನು ಹುಳಿ ಬರಿಸಿದರೆ ಚೀಸು, ಸಿಹಿ ಸೇರಿಸಿ ಹೆಪ್ಪುಗಟ್ಟಿಸಿದರೆ ಚೀಸ್‌ಕೇಕು. ಹಾಲಿನ ಚೀಸು ಎಳೆಯೆಳೆಯಾಗಿ ಬರುವುದು ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನಿನಿಂದ. ಸಸ್ಯಮೂಲಗಳಲ್ಲಿ ಅದು ಇಲ್ಲದ ಕಾರಣ ಮರಗೆಣಸಿನ ಪಿಷ್ಟವನ್ನೂ ತೆಂಗಿನೆಣ್ಣೆಯನ್ನೂ ಬಳಸಿ ಅದೇ ಗುಣವನ್ನು ತರಲು ಪ್ರಯತ್ನಿಸುತ್ತಾರೆ, ಅದರಲ್ಲಿಯೂ ಗೋಡಂಬಿ ಸೇರಿರುವುದುಂಟು. ಒಂದೇ ಮಿಕ್ಸರ್ ಜಾರಿನಲ್ಲಿ ಗೋಡಂಬಿಯನ್ನೂ ಆಮೇಲೆ ಕಾಯಿ ಚಟ್ನಿಯನ್ನೂ ರುಬ್ಬಿದರೆ ಅಲರ್ಜಿಯಿರುವ ಮಗುವಿಗೆ ಅಷ್ಟೇ ಸಾಕು. ಆದ್ದರಿಂದ ಫೋನಿನಲ್ಲಿ ಪದಾರ್ಥಗಳನ್ನು ಕೇಳುವುದರ ಜೊತೆಗೆ ಜಾರು, ಬಾಣಲೆ, ಸೌಟುಗಳನ್ನು ಬೇರೆ ಇಡಬಲ್ಲಿರಾ ಎಂದೂ ಕೇಳಬೇಕು. ಗೋಡಂಬಿ ಆಗದ ಮಕ್ಕಳಿಗೆ ಬಹುಮಟ್ಟಿಗೆ ಪಿಸ್ತಾ ಕೂಡ ಆಗುವುದಿಲ್ಲ, ಅವೆರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಐಸ್‌ಕ್ರೀಮು ಆರಿಸುವಾಗ ಇದು ನೆನಪಿರಲಿ. ಹೋಟೆಲು ತೆರೆದ ಕೂಡಲೇ, ಪಾತ್ರೆಗಳು ಇನ್ನೂ ಶುಭ್ರವಾಗಿರುವಾಗ ಹೋಗುವುದು ಒಳ್ಳೆಯದು. ವೈದ್ಯರು ಬರೆದುಕೊಟ್ಟ ತುರ್ತು ಔಷಧವನ್ನು ಹುಡುಗನ ಬಳಿ ಕುಳಿತುಕೊಳ್ಳುವವರ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಕಾರಿನಲ್ಲಿ ಬಿಡಬೇಡಿ.

ಮೆನು ಕಾರ್ಡಿನಲ್ಲಿ ಅಲರ್ಜಿಯ ವಿವರ ಇದ್ದೇ ಇರುತ್ತದೆಂದು ನಂಬಿಕೊಳ್ಳುವಂತಿಲ್ಲ. ಅಂಥ ಮಾಹಿತಿ ಕೊಡಬೇಕೆಂಬ ನಿಯಮ ಕೇಂದ್ರ ಪರವಾನಗಿಯ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳನ್ನು ಉದ್ದೇಶಿಸಿದ್ದು. ನೀವು ಹೋಗಲಿರುವ ಹೋಟೆಲು ಒಂದೇ ಅಂಗಡಿಯದಾಗಿರುವ ಸಂಭವವೇ ಹೆಚ್ಚು.

ಕ್ಯಾಪ್ಟನ್ ಮಾಡಿದ ತಪ್ಪಿಗೂ ಒಂದು ಹಿನ್ನೆಲೆ ಇದೆ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಹಾಲನ್ನಾಗಲಿ ಜೇನನ್ನಾಗಲಿ ಹೊರಗಿಡುವುದಿಲ್ಲ. ವೀಗನ್ ಆಹಾರಕ್ಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮಗಳನ್ನು ತಂದದ್ದು 2022ರಲ್ಲಿ. ಇಂಗ್ಲಿಷಿನ ವಿ ಅಕ್ಷರದ ಮೇಲೆ ಚಿಕ್ಕ ಎಲೆಯಿರುವ ಹಸಿರು ಗುರುತು ಅದರದ್ದು. ಶಬ್ದವೇ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಅದೂ ಹಾಲು ಬಿಟ್ಟ ಸಸ್ಯಾಹಾರಿಗಳು ತಮ್ಮನ್ನು ಗುರುತಿಸಿಕೊಳ್ಳಲು ಬೇರೆ ಹೆಸರು ಬೇಕೆಂದಾಗ. ಶಾಕಾಹಾರ ಎಂದೊಡನೆ ಹಾಲನ್ನು ಒಳಗೊಂಡೇ ಯೋಚಿಸುವ ನಮ್ಮ ಊರುಗಳಲ್ಲಿ ಆ ವ್ಯತ್ಯಾಸ ತಿಳಿಯಲು ಇನ್ನೂ ಸಮಯ ಬೇಕು.

ಮಗಳು ಬಿ12 ಪೂರಕವನ್ನು ತೆಗೆದುಕೊಳ್ಳುತ್ತಿದ್ದಾಳೆಂದು ಭಾವಿಸುತ್ತೇನೆ. ಹಾಲನ್ನೂ ಬಿಟ್ಟ ಸಸ್ಯಾಹಾರದಿಂದ ಅದು ಸಾಕಷ್ಟು ದೊರೆಯುವುದಿಲ್ಲ.

ಮಡಗಾಂವದ ಮೇಷ್ಟ್ರು, ಗೋವಾ:

ನಾನು ಕಾರವಾರದವನು, ಗೋವಾಕ್ಕೆ ಬಂದು ಬಹಳ ವರ್ಷಗಳಾದವು. ಎರಡು ವರ್ಷದ ಹಿಂದೆ ನನ್ನ ತಾಯಿಯನ್ನು ಉತ್ತರ ಗೋವಾದ ಒಂದು ವೀಗನ್ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಆದ ಒಂದು ತಪ್ಪು ನನ್ನದೇ ಆಗಿತ್ತು; ನಿಮಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಅಡುಗೆಯ ಬಗ್ಗೆ ಎಲ್ಲವನ್ನೂ ವಿಚಾರಿಸಿದ್ದೆ, ಮೆನುವಿನ ಭಾಷೆಯನ್ನು ಮಾತ್ರ ನೋಡಿರಲಿಲ್ಲ. ಒಳಗೆ ಕುಳಿತು ಕಾರ್ಡನ್ನು ತೆರೆದರೆ ಮಟನ್ ಕೀಮಾ, ಚಿಕನ್ ಟಿಕ್ಕಾ, ಫಿಶ್ ಕರಿ ಎಂಬ ಹೆಸರುಗಳೇ ಇದ್ದವು. ಕೀಮಾ ಎಂದರೆ ಸೋಯಾ, ಟಿಕ್ಕಾ ಎಂದರೆ ಎಳೆಯ ಹಲಸಿನಕಾಯಿ ಎಂದು ನಾನು ವಿವರಿಸುವಷ್ಟರಲ್ಲಿ ತಾಯಿಯ ಮುಖ ಬಾಡಿಹೋಗಿತ್ತು. ಮಾಂಸವನ್ನು ತಿಂದು ರುಚಿ ಕಂಡು ಬಿಟ್ಟವರಿಗೆ ಅಂಥ ಹೆಸರುಗಳಿಂದ ನೆಮ್ಮದಿ ಸಿಗಬಹುದು. ಎಂದೂ ಮುಟ್ಟದವರಿಗೆ ಆ ಹೆಸರಿನ ಹಲಸಿನಕಾಯಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಹೋಟೆಲು ಆರಿಸುವ ಮೊದಲು ಅವರ ಮೆನುವನ್ನು ತರಿಸಿಕೊಂಡು ಓದಿ. ಅಡುಗೆಮನೆ ಪೂರ್ತಿಯಾಗಿ ಸಸ್ಯಜನ್ಯವೋ ಅಥವಾ ಮೀನು-ಮಾಂಸವೂ ಬೇಯುವ ಅಡುಗೆಮನೆಯಲ್ಲಿ ಕೆಲವು ಪದಾರ್ಥಗಳಿಗಷ್ಟೇ ಆ ಗುರುತು ಹಾಕಿದ್ದಾರೋ ಎಂಬುದನ್ನೂ ಅದೇ ಹೊತ್ತಿಗೆ ತಿಳಿದುಕೊಳ್ಳಿ. ನಿಮ್ಮ ಅವ್ವನಿಗೆ ಮುಖ್ಯವಾದ ಪ್ರಶ್ನೆ ಅದೇ. ಪೂರ್ಣ ವೀಗನ್ ಅಡುಗೆಮನೆಯಲ್ಲಿ ಮೊಟ್ಟೆಯೂ ಪ್ರವೇಶಿಸದ ಕಾರಣ, ಅವರ ಕಟ್ಟುನಿಟ್ಟಿನ ನಿಯಮಕ್ಕೂ ನಿಮ್ಮ ಮಗಳ ನಿಯಮಕ್ಕೂ ಒಂದೇ ಅಡುಗೆಮನೆಯಲ್ಲಿ ಜಾಗ ದೊರೆಯುತ್ತದೆ. ಕೇಳದೆಯೇ ನಂಬಬಹುದಾದ ಅಡುಗೆಮನೆ ಅಜ್ಜಿಗೂ ಬೇಕು, ಮೊಮ್ಮಗಳಿಗೂ ಬೇಕು. ನನ್ನ ತಾಯಿಗೆ ನಾನು ಈ ರೀತಿ ಹೇಳಿದ್ದರೆ ಅವರು ಹೆಚ್ಚು ಸಂತೋಷದಿಂದ ಬರುತ್ತಿದ್ದರು.

ಏನನ್ನು ತರಿಸಿಕೊಳ್ಳಬೇಕೆಂಬುದಕ್ಕೆ ನನ್ನ ಅಭಿಪ್ರಾಯ ಇದು: ಮೊದಲಿನಿಂದಲೂ ಹಾಲು ಬೇಡವಾಗಿದ್ದ ಅಡುಗೆಯನ್ನೇ ಆರಿಸಿ. ಅಂದು ನನ್ನ ತಾಯಿ ಕೊನೆಗೆ ನೆಮ್ಮದಿಯಾಗಿ ಉಂಡದ್ದು ಖತಖತೆ ಮತ್ತು ಅನ್ನವನ್ನು. ಹಲವು ತರಕಾರಿಗಳನ್ನು ತೊಗರಿಬೇಳೆ, ತೆಂಗಿನಕಾಯಿಯೊಂದಿಗೆ ಬೇಯಿಸಿ, ಕೊಂಕಣಿಯವರು ತಿರ್ಫಳ ಎನ್ನುವ ನಮ್ಮ ಜುಮ್ಮನಕಾಯಿಯ ಪರಿಮಳ ಕೊಟ್ಟಿದ್ದರು. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇರಲಿಲ್ಲ. ತೆಂಗಿನ ಹಾಲಿಗೆ ಕೋಕಂ ಸೇರಿಸಿದ ಸೋಲ್ ಕಢಿಯನ್ನು ಅವರು ಎರಡು ಲೋಟ ಕುಡಿದರು. ಧಾರವಾಡದವರಿಗೆ ಈ ಮಾತನ್ನು ಹೇಳಬೇಕಾಗಿಯೇ ಇಲ್ಲ: ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿಗಳಿಗೆ ಯಾವ ಹಾಲಿನ ಬದಲಿಯೂ ಬೇಡ. ಮುಂಬಯಿಯ ಮೆನುಗಳಲ್ಲಿ ಭಾಕ್ರಿ, ಪಿಠಲೆ, ಭರಲೇ ವಾಂಗಿ ಎಂಬ ಹೆಸರಿನಲ್ಲಿ ಇವುಗಳ ಹತ್ತಿರದ ಬಂಧುಗಳು ಸಿಗಬಹುದು. ಥಾಯ್ ಕರಿ ಮುಂತಾದವನ್ನು ಮಕ್ಕಳು ಕೇಳಿದರೆ, ಅದರ ಮಸಾಲೆಯನ್ನು ಅಲ್ಲೇ ಅರೆಯುತ್ತಾರೆಯೇ ಎಂದು ವಿಚಾರಿಸಿ. ಸಿದ್ಧ ಮಸಾಲೆಗಳಲ್ಲಿ ಸೀಗಡಿ ಸೇರಿರುವುದುಂಟು. ಸಿಹಿಗೆ ಗೋವಾದ ದೋದೋಲ್ ಸಿಕ್ಕರೆ ಅದರಲ್ಲಿ ಇರುವುದು ಅಕ್ಕಿಹಿಟ್ಟು, ತೆಂಗಿನ ಹಾಲು ಮತ್ತು ಬೆಲ್ಲ, ಆದರೆ ಗೋಡಂಬಿ ಚೂರುಗಳನ್ನೂ ಹಾಕುವ ರೂಢಿ ಇರುವುದರಿಂದ ಹುಡುಗನಿಗೆ ಕೊಡಬೇಡಿ.

ಕೊನೆಯದಾಗಿ, ಅವ್ವನಿಗೆ ಏನನ್ನೂ ಮುಚ್ಚಿಡಬೇಡಿ. ಮೊಸರನ್ನದ ಹೊತ್ತಿಗೆ ಬೇರೆಯದನ್ನು ಬಡಿಸಿ, ಚೆನ್ನಾಗಿದೆ ಎಂದು ಅವರು ಹೇಳಿದ ಮೇಲೆ ನಿಜ ತಿಳಿಸಿ ಸಂತೋಷಪಡುವವರನ್ನು ನಾನು ನೋಡಿದ್ದೇನೆ. ಊಟದ ವಿಷಯದಲ್ಲಿ ಹಿರಿಯರಿಗೆ ಹಾಗೆ ಮಾಡುವುದು ಸರಿಯಲ್ಲ. ನಿಮ್ಮ ಮಗಳಿಗೆ ತುಪ್ಪದ ದಾಲ್ ಬಂದಾಗ ಆದದ್ದೂ ಅದೇ ಅಲ್ಲವೇ?

ಮಲಪ್ರಭಾ, ಮುಲುಂಡ್:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನೀವು ಹೇಳಿದಂತೆ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎರಡು ಹೋಟೆಲುಗಳಿಗೆ ಫೋನ್ ಮಾಡಿ ಅಡುಗೆಯವರೊಂದಿಗೇ ಮಾತನಾಡಿದೆ. ಮೊದಲನೆಯವರು, ನಮ್ಮಲ್ಲಿ ಗೋಡಂಬಿ ಇಲ್ಲದ ಪಾತ್ರೆಯೇ ಇಲ್ಲ, ಮಗುವನ್ನು ಕರೆತರಬೇಡಿ ಎಂದು ನೇರವಾಗಿ ಹೇಳಿದರು. ಅಷ್ಟು ಪ್ರಾಮಾಣಿಕವಾಗಿ ಉತ್ತರಿಸಿದ್ದಕ್ಕೆ ಅವರಿಗೆ ಧನ್ಯವಾದ ಹೇಳಿದೆ. ಎರಡನೆಯವರ ಗ್ರೇವಿಗೆ ತೆಂಗಿನಕಾಯಿ ಮತ್ತು ಮಗಜ್ ಬಳಸುತ್ತಾರೆ. ಗೋಡಂಬಿ ಇರುವುದು ಎರಡು ಸಿಹಿ ತಿನಿಸುಗಳಲ್ಲಿ ಮಾತ್ರ, ಅವುಗಳನ್ನು ಹೊರಗಿನ ಬೇಕರಿಯೊಂದರಿಂದ ತರಿಸುತ್ತಾರೆ. ಹುಡುಗನ ಪದಾರ್ಥಗಳಿಗೆ ಬೇರೆ ಬಾಣಲೆಯನ್ನು ಇಡಲು ಒಪ್ಪಿದ್ದಾರೆ. ಮೆನುವಿನಲ್ಲಿ ಮಾಂಸದ ಹೆಸರಿನ ಒಂದೇ ಒಂದು ಪದಾರ್ಥವಿದೆ. ಭಾನುವಾರ ಬಾಗಿಲು ತೆರೆಯುವ 12 ಗಂಟೆಗೇ ಮೇಜನ್ನು ಕಾಯ್ದಿರಿಸಿದ್ದೇನೆ. ತಮ್ಮನೂ ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಮಗನ ವೈದ್ಯರನ್ನು ವಿಚಾರಿಸಿ, ಆಮೇಲೆ ಒಪ್ಪಿದ.

ಅವ್ವನಿಗೆ ಎಲ್ಲವನ್ನೂ ತಿಳಿಸಿದೆವು. ಮೊಸರಿಲ್ಲದೆ ಊಟ ಮುಗಿಯುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಅವರು ಕೇಳಿದರು. ಆ ಹೋಟೆಲಿನಲ್ಲಿ ಶೇಂಗಾ ಹಾಲಿನಿಂದ ಮೊಸರು ಮಾಡುತ್ತಾರೆ, ಹೆಪ್ಪಿಗೆ ಹಾಲಿನ ಮೊಸರನ್ನು ಬಳಸುವಂತಿಲ್ಲವಾದ್ದರಿಂದ ಮೊದಲ ಸಲ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಹೆಪ್ಪುಗಟ್ಟಿಸಿದ್ದಾರೆ ಎಂದು ಮಗಳೇ ಅಜ್ಜಿಗೆ ಫೋನಿನಲ್ಲಿ ವಿವರಿಸಿದಳು. ಮನೆಯಲ್ಲಿ ಹೆಪ್ಪು ತೀರಿದಾಗ ತಮ್ಮ ಅತ್ತೆಯೂ ಮೆಣಸಿನಕಾಯಿಯ ತೊಟ್ಟನ್ನೇ ಹಾಕುತ್ತಿದ್ದರೆಂದು ಅವ್ವ ಹೇಳಿದರಂತೆ. ಶೇಂಗಾದಿಂದ ಹುಡುಗನಿಗೆ ತೊಂದರೆಯಿಲ್ಲ, ಅವನು ದಿನವೂ ಶೇಂಗಾ ಚಟ್ನಿ ತಿನ್ನುತ್ತಾನೆ. ಮೊಸರು ರುಚಿಸದಿದ್ದರೆ ಮನೆಗೆ ಬಂದು ಎರಡು ತುತ್ತು ಮೊಸರನ್ನ ಉಣ್ಣುತ್ತೇನೆ, ಆದರೆ ಮೊಮ್ಮಗಳ ಎದುರು ಅಲ್ಲಿ ಬಡಿಸಿದ್ದನ್ನು ಒಂದು ಸೌಟು ಹಾಕಿಸಿಕೊಂಡೇ ನೋಡುತ್ತೇನೆ ಎಂದು ಅವ್ವ ಒಪ್ಪಿಕೊಂಡಿದ್ದಾರೆ.

ಕಾಫಿಯದೊಂದು ಉಳಿಯಿತು. ಊಟದ ನಂತರ ಅವರಿಗೆ ಫಿಲ್ಟರ್ ಕಾಫಿ ಬೇಕು. ಅಲ್ಲಿ ಸೋಯಾ ಹಾಲು ಮತ್ತು ಓಟ್ಸ್ ಹಾಲು ಎರಡೂ ಇವೆಯಂತೆ. ಯಾವುದನ್ನು ಹೇಳಬೇಕು?

ಹಳೆಯ ಹೋಟೆಲಿಗ, ಮಾಟುಂಗಾ:

ಪುಣೆಯ ತಂಗಿ ನನ್ನನ್ನು ತಿದ್ದಿದ್ದು ಸರಿಯಾಗಿಯೇ ಇದೆ. ನಾನು ಅಡುಗೆಮನೆಯ ಕಡೆಯಿಂದ ಯೋಚಿಸಿದೆ, ಮೇಜಿನ ಕಡೆಯಿಂದ ಯೋಚಿಸಲಿಲ್ಲ.

ಓಟ್ಸ್ ಹಾಲನ್ನೇ ಹೇಳಿ. ಸೋಯಾ ಹಾಲು ಡಿಕಾಕ್ಷನ್ನಿನ ಹುಳಿಗೂ ಬಿಸಿಗೂ ಒಡೆದು ಲೋಟದಲ್ಲಿ ಚೂರು ಚೂರಾಗಿ ನಿಲ್ಲುವುದುಂಟು, ಓಟ್ಸ್ ಹಾಲು ಅಷ್ಟಾಗಿ ಒಡೆಯುವುದಿಲ್ಲ. ಹಾಲನ್ನು ಕುದಿಸದೆ ಬಿಸಿ ಮಾತ್ರ ಮಾಡಿ, ಗಟ್ಟಿ ಡಿಕಾಕ್ಷನ್ನನ್ನು ನಿಧಾನವಾಗಿ ಅದಕ್ಕೆ ಸೇರಿಸಲು ಹೇಳಿ. ಓಟ್ಸ್ ಹಾಲಿಗೆ ತನ್ನದೇ ಸಿಹಿ ಇರುತ್ತದೆ, ಆದ್ದರಿಂದ ಅವ್ವ ಮೊದಲು ಒಂದು ಗುಟುಕು ಕುಡಿದು ನೋಡಿದ ಮೇಲೆ ಸಕ್ಕರೆ ಹಾಕಿಸಿ.